ಗೂಢಲಿಪಿಯ ಕ್ರಮವೂ ಕೀಲಿಕೈಯ ರಕ್ಷಣೆಯೂ

(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮನೆಗೆ ಬಾಗಿಲು, ಬಾಗಿಲಿಗೆ ಅಗುಳಿ, ಪೆಟ್ಟಿಗೆಗೆ ಬೀಗ. ಇವು ಲೋಕದಲ್ಲಿ ಎಲ್ಲರೂ ಬಲ್ಲ ಏರ್ಪಾಡುಗಳು. ಆದರೆ ಬರೆದ ಮಾತಿಗೆ ಬೀಗವನ್ನು ಹಾಕುವುದೆಂತು? ಓಲೆಯು ದೂತನ ಕೈಯಲ್ಲಿ ಹೋಗುವಾಗ ನಡುದಾರಿಯಲ್ಲಿ ಕಳ್ಳನು ಅದನ್ನು ಬಿಚ್ಚಿ ಓದಬಹುದು. ಓದಿದ ಮೇಲೆ ಮೊದಲಿನಂತೆಯೇ ಮಡಿಸಿ ಕಳುಹಿಸಲೂಬಹುದು. ಇಂದಿನ ಕಾಲದಲ್ಲಿಯಂತೂ ಹಣದ ಲೆಕ್ಕ, ಹೊಲದ ಪಹಣಿ, ರೋಗಿಯ ವಿವರ, ಬಂಧುಗಳ ಕುಶಲವಾರ್ತೆ ಇವೆಲ್ಲವೂ ಅಂಕಿಗಳ ರೂಪವನ್ನು ತಾಳಿ ತಂತಿಯ ಮೇಲೆಯೂ ಗಾಳಿಯಲ್ಲಿಯೂ ಸಂಚರಿಸುತ್ತಿರುವುವು. ಹಳ್ಳಿಯ ರೈತನೂ ತನ್ನ ಮೊಬೈಲಿನಿಂದಲೇ ಹಣವನ್ನು ಕೊಡುವನು. ಆ ಹಣವು ದಾರಿಯಲ್ಲಿ ಕಳ್ಳನ ಪಾಲಾಗದಂತೆ ಕಾಯುವ ಕಾವಲುಗಾರನು ಯಾರೆಂದರೆ, ಗೂಢಲಿಪಿ ಎಂಬ ವಿದ್ಯೆಯೇ. ಆದಕಾರಣ ಆ ವಿದ್ಯೆಯ ಸ್ವರೂಪವನ್ನೂ, ಅದರ ಸರಳವಾದ ಕ್ರಮಗಳನ್ನು ರಚಿಸುವ ಬಗೆಯನ್ನೂ, ಆ ರಚನೆಯಲ್ಲಿ ತಪ್ಪಿದರೆ ಆಗುವ ಅನರ್ಥವನ್ನೂ ವಿಚಾರಿಸುವುದು ಈ ಉಪನ್ಯಾಸದ ಉದ್ದೇಶವಾಗಿರುವುದು.

ಮೊದಲಲ್ಲಿ ನಾಲ್ಕು ಪದಗಳನ್ನು ತಿಳಿಯತಕ್ಕದ್ದು. ಕಳುಹಿಸಬೇಕಾದ ಮಾತು ಮೂಲಲೇಖವು. ಅದನ್ನು ಮರೆಮಾಡಿದ ಮೇಲೆ ದೊರೆಯುವುದು ಗೂಢಲೇಖವು. ಮರೆಮಾಡುವ ನಿಯಮಾವಳಿಯು ಕ್ರಮವು. ಆ ಕ್ರಮದೊಡನೆ ಸೇರಿ ಕೆಲಸಮಾಡುವ ಒಂದು ಅಂಕೆಯೋ ಪದವೋ ಕೀಲಿಕೈಯು. ಕೀಲಿಕೈಯುಳ್ಳ ಸ್ವೀಕರ್ತನು ಗೂಢಲೇಖವನ್ನು ಬಿಡಿಸಿ ಓದುವುದು ಬೇರೆ. ಕೀಲಿಕೈಯಿಲ್ಲದ ಅನ್ಯನು ಬುದ್ಧಿಬಲದಿಂದ ಅದನ್ನು ಭೇದಿಸುವುದು ಬೇರೆ. ಈ ವಿದ್ಯೆಯ ಇತಿಹಾಸವೆಲ್ಲವೂ ಕಟ್ಟುವವನಿಗೂ ಭೇದಿಸುವವನಿಗೂ ನಡೆದ ಮಲ್ಲಯುದ್ಧವೇ ಆಗಿರುವುದು. ಆ ಯುದ್ಧದಿಂದ ಲೋಕವು ಕಲಿತ ಪಾಠವಾದರೋ ಒಂದೇ: ಕ್ರಮವನ್ನು ಬಚ್ಚಿಡುವುದರಿಂದ ರಕ್ಷಣೆಯಿಲ್ಲ, ಕ್ರಮವು ಎಲ್ಲರ ಎದುರಿನಲ್ಲಿಯೂ ನಿಲ್ಲತಕ್ಕದ್ದು, ಕೀಲಿಕೈಯೊಂದೇ ಗುಪ್ತವಾಗಿರತಕ್ಕದ್ದು. ಮುಂದೆ ಹೇಳುವುದೆಲ್ಲವೂ ಈ ಒಂದು ಮಾತಿನ ವಿವರಣೆಯೇ.

ಭಾರತೀಯರಿಗೆ ಈ ವಿದ್ಯೆಯು ಹೊಸದಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ಗೂಢಪುರುಷರ ವಾರ್ತೆಗಳನ್ನು ಸಂಜ್ಞಾಲಿಪಿಯ ಮೂಲಕ ಸಾಗಿಸಬೇಕೆಂದು ವಿಧಿಸಿರುವನು. ವಾತ್ಸ್ಯಾಯನನು ಎಣಿಸಿದ ಅರುವತ್ತುನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವೆಂಬುದು ಒಂದು. ಅದಕ್ಕೆ ಜಯಮಂಗಲಾ ಎಂಬ ವ್ಯಾಖ್ಯಾನವನ್ನು ಬರೆದ ಯಶೋಧರನು ಮೂಲದೇವೀಯವೆಂಬ ಕ್ರಮವನ್ನು ವಿವರಿಸುವನು. ಅದರಲ್ಲಿ ಅಕ್ಷರಗಳು ಜೋಡಿಜೋಡಿಯಾಗಿ ಸ್ಥಾನವನ್ನು ಬದಲಿಸಿಕೊಳ್ಳುವುವು: ಖಕಾರಕ್ಕೆ ಗಕಾರ, ತಕಾರಕ್ಕೆ ಪಕಾರ, ನಕಾರಕ್ಕೆ ಮಕಾರ, ರಕಾರಕ್ಕೆ ಷಕಾರ, ಹೀಗೆ. ಈ ಕ್ರಮದಲ್ಲಿ ‘ನಗರ’ ಎಂಬ ಪದವು ‘ಮಖಷ’ ಎಂದಾಗುವುದು. ಅದೇ ಕ್ರಮವನ್ನು ಮತ್ತೊಮ್ಮೆ ನಡೆಯಿಸಿದರೆ ‘ನಗರ’ವೇ ಮರಳಿ ಬರುವುದು.

ಇಲ್ಲಿ ಎರಡು ಶಂಕೆಗಳು ಹುಟ್ಟಬಹುದು. ಕಟಪಯಾದಿಯೂ ಗೂಢಲಿಪಿಯೇ ಎಂದು ಕೆಲವರು ಕೇಳುವರು. ಮೇಚಕಲ್ಯಾಣಿ ಎಂಬ ರಾಗನಾಮದಲ್ಲಿ ಮಕಾರಕ್ಕೆ ೫, ಚಕಾರಕ್ಕೆ ೬ ಎಂದೆಣಿಸಿ, ಅಂಕಗಳನ್ನು ಹಿಂದುಮುಂದಾಗಿಸಿದರೆ ಅದು ೬೫ನೆಯ ಮೇಳವೆಂದು ತಿಳಿಯುವುದು. ಆದರೆ ಇದು ಸಂಕೇತವೇ ಹೊರತು ಗೂಢಲಿಪಿಯಲ್ಲ. ಏಕೆಂದರೆ ಇದರಲ್ಲಿ ಕೀಲಿಕೈಯಿಲ್ಲ, ನಿಯಮವನ್ನು ಬಲ್ಲವರೆಲ್ಲರೂ ಓದಬಲ್ಲರು. ಇನ್ನು ಶರಣರ ಬೆಡಗಿನ ವಚನಗಳು ಗೂಢವಲ್ಲವೇ ಎಂದು ಕೇಳುವವರುಂಟು. ಬೆಡಗು ಅರ್ಥವನ್ನು ಮರೆಮಾಡುವುದು, ಅಕ್ಷರವನ್ನಲ್ಲ. ಅದನ್ನು ತೆರೆಯುವ ಸಾಧನವು ಅನುಭಾವವಲ್ಲದೆ ಅಂಕೆಯಲ್ಲ. ಗೂಢಲಿಪಿಯಾದರೋ ಅನುಭಾವಿಗೂ ಅಜ್ಞಾನಿಗೂ ಸಮನಾಗಿ ಮುಚ್ಚಿರುವುದು, ಕೀಲಿಕೈಯುಳ್ಳವನಿಗೆ ಮಾತ್ರ ಸಮನಾಗಿ ತೆರೆಯುವುದು.

ಗೂಢಲಿಪಿಯ ಸಕಲ ಕ್ರಮಗಳಿಗೂ ಮೂಲವಾದ ಬೇರುಗಳು ಎರಡೇ. ವ್ಯಾಕರಣವನ್ನು ಓದಿದ ವಿದ್ಯಾರ್ಥಿಗಳು ಒಂದು ವರ್ಣದ ಸ್ಥಾನದಲ್ಲಿ ಮತ್ತೊಂದು ವರ್ಣವು ಬರುವುದನ್ನು ಆದೇಶವೆಂದು ಕರೆಯುವರು. ಮೊದಲನೆಯ ಬೇರು ಅದೇ. ಎರಡನೆಯದು ಸ್ಥಾನಪಲ್ಲಟ, ಅಕ್ಷರಗಳು ಅವೇ ಉಳಿದು ಅವುಗಳ ನೆಲೆಯು ಮಾತ್ರ ಬದಲಾಗುವುದು. ಚಿತ್ರಕಾವ್ಯದ ಗೋಮೂತ್ರಿಕಾಬಂಧದಲ್ಲಿ ಮೇಲಣ ಸಾಲಿನಿಂದ ಕೆಳಗಣ ಸಾಲಿಗೂ, ಕೆಳಗಿನಿಂದ ಮೇಲಕ್ಕೂ ಓರೆಯಾಗಿ ಓದುವುದನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ‘ಮಠದ ಹಣ ಬಂದಿದೆ’ ಎಂಬ ವಾಕ್ಯದ ಎಂಟು ಅಕ್ಷರಗಳನ್ನು ಮೇಲೊಂದು ಕೆಳಗೊಂದಾಗಿ ಬರೆಯಲು, ಮೇಲಿನ ಸಾಲಿನಲ್ಲಿ ‘ಮದಣದಿ’ ಎಂದೂ ಕೆಳಗಿನ ಸಾಲಿನಲ್ಲಿ ‘ಠಹಬಂದೆ’ ಎಂದೂ ಬರುವುದು. ಇವೆರಡನ್ನೂ ಸೇರಿಸಿ ‘ಮದಣದಿಠಹಬಂದೆ’ ಎಂದು ಕಳುಹಿಸಿದರೆ ನಿಯಮವನ್ನರಿಯದವನಿಗೆ ಅರ್ಥವಾಗದು. ಭೇದಿಸುವವನನ್ನು ಬಳಲಿಸಲು ನಡುನಡುವೆ ನಿರರ್ಥಕ ವರ್ಣಗಳನ್ನು ಆಗಮದಂತೆ ಸೇರಿಸುವ ಪದ್ಧತಿಯೂ ಪುರಾತನವಾದುದೇ.

ಈಗ ಆದೇಶಕ್ರಮವನ್ನು ಒಂದು ಲೆಕ್ಕವಾಗಿ ರಚಿಸೋಣ. ಕಕಾರದಿಂದ ಮಕಾರದವರೆಗೆ ವರ್ಗೀಯ ವ್ಯಂಜನಗಳು ೨೫, ಯಕಾರದಿಂದ ಳಕಾರದವರೆಗೆ ಅವರ್ಗೀಯ ವ್ಯಂಜನಗಳು ೯, ಒಟ್ಟು ೩೪. ಕಕಾರಕ್ಕೆ ೧ ಎಂದು ಆರಂಭಿಸಿ ಳಕಾರಕ್ಕೆ ೩೪ ಎಂದು ಅಂಕಗಳನ್ನು ಕೊಡತಕ್ಕದ್ದು. ಸ್ವರಚಿಹ್ನೆಗಳನ್ನು ಸದ್ಯಕ್ಕೆ ಹಾಗೆಯೇ ಬಿಡೋಣ. ರೋಮದ ಜೂಲಿಯಸ್ ಸೀಸರನು ತನ್ನ ಪತ್ರಗಳಲ್ಲಿ ಪ್ರತಿಯೊಂದು ಅಕ್ಷರಕ್ಕೂ ಬದಲಾಗಿ ಅದರಿಂದ ಮೂರನೆಯದನ್ನು ಬರೆಯುತ್ತಿದ್ದನು. ಅದರಂತೆ ಇಲ್ಲಿಯೂ ಅಂಕಕ್ಕೆ ೩ ಕೂಡಿಸಿದರೆ ‘ಗುರುಮಠ’ ಎಂಬುದು ‘ಚುಶುಲಣ’ ಎಂದಾಗುವುದು. ಮೊತ್ತವು ೩೪ನ್ನು ಮೀರಿದರೆ ೩೪ನ್ನು ಕಳೆದು ವರ್ಣಮಾಲೆಯ ಮೊದಲಿಗೆ ಬರತಕ್ಕದ್ದು. ಬಿಡಿಸುವವನು ೩ನ್ನು ಕಳೆಯುವನು. ಇಲ್ಲಿ ‘ಕೂಡು’ ಎಂಬುದು ಕ್ರಮವು, ‘೩’ ಎಂಬುದು ಕೀಲಿಕೈಯು. ಆದರೆ ಈ ಬೀಗಕ್ಕೆ ೧ರಿಂದ ೩೩ರವರೆಗೆ ಮೂವತ್ತಮೂರೇ ಕೀಲಿಕೈಗಳು. ಒಂದಾದ ಮೇಲೊಂದನ್ನು ಪರೀಕ್ಷಿಸಿದರೆ ಚಿಕ್ಕ ಹುಡುಗನೂ ಸಂಜೆಯೊಳಗೆ ಇದನ್ನು ತೆರೆಯುವನು.

ಹಾಗಾದರೆ ಕ್ರಮಬದ್ಧವಾಗಿ ಸರಿಸದೆ, ಮೂವತ್ತನಾಲ್ಕು ವ್ಯಂಜನಗಳನ್ನೂ ಮನಬಂದಂತೆ ಅದಲುಬದಲು ಮಾಡಿದರೆ ಹೇಗೆ? ಆಗ ಸಾಧ್ಯವಾದ ಕೀಲಿಕೈಗಳ ಸಂಖ್ಯೆಯು ೧ರಿಂದ ೩೪ರವರೆಗಿನ ಅಂಕಗಳನ್ನೆಲ್ಲ ಗುಣಿಸಿದಷ್ಟು. ಅದು ೩೯ ಸ್ಥಾನಗಳುಳ್ಳ ಮಹಾಸಂಖ್ಯೆ. ಇಷ್ಟನ್ನೂ ಯಾರು ಪರೀಕ್ಷಿಸಿಯಾರು, ಇನ್ನು ಭಯವಿಲ್ಲವೆಂದು ಬಹುಕಾಲ ಲೋಕವು ನಂಬಿತ್ತು. ಆ ನಂಬಿಕೆಯನ್ನು ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಪಂಡಿತನಾದ ಅಲ್ ಕಿಂದಿಯು ಮುರಿದನು. ಪ್ರತಿಯೊಂದು ಭಾಷೆಯಲ್ಲಿಯೂ ಕೆಲವು ಅಕ್ಷರಗಳು ಮೇಲಿಂದಮೇಲೆ ಬರುವುವು, ಕೆಲವು ವಿರಳವಾಗಿ ಬರುವುವು. ಕನ್ನಡದಲ್ಲಿ ನಕಾರ, ರಕಾರ, ದಕಾರಗಳು ಸಾಲುಸಾಲಿಗೂ ಕಾಣುವುವು. ಝಕಾರ, ಞಕಾರಗಳನ್ನು ಹುಡುಕಿ ನೋಡಬೇಕು. ಅಕ್ಷರವು ವೇಷವನ್ನು ಬದಲಿಸಿದರೂ ಬರುವ ಹೋಗುವ ರೂಢಿಯನ್ನು ಬಿಡದು. ಆದುದರಿಂದ ಗೂಢಲೇಖದಲ್ಲಿ ಯಾವ ಚಿಹ್ನೆಯು ಎಷ್ಟು ಸಲ ಬಂದಿದೆಯೆಂದು ಎಣಿಸಿ, ಅದನ್ನು ಭಾಷೆಯ ರೂಢಿಯೊಡನೆ ಹೋಲಿಸಿದರೆ ಒಂದೊಂದು ವೇಷವೂ ಕಳಚಿಬೀಳುವುದು. ಮಹಾಸಂಖ್ಯೆಯ ಕೋಟೆಗೆ ಹಿತ್ತಿಲ ಬಾಗಿಲೊಂದು ತೆರೆದೇ ಇದ್ದಿತೆಂಬುದು ಹೀಗೆ ಹೊರಬಿದ್ದಿತು.

ಈ ಹಿತ್ತಿಲ ಬಾಗಿಲನ್ನರಿಯದೆ ಒಬ್ಬ ರಾಣಿಯು ಪ್ರಾಣವನ್ನೇ ಕಳೆದುಕೊಂಡಳು. ಸ್ಕಾಟ್ಲೆಂಡಿನ ಮೇರಿ ರಾಣಿಯು ಇಂಗ್ಲೆಂಡಿನಲ್ಲಿ ಬಂಧನದಲ್ಲಿದ್ದಾಗ, ೧೫೮೬ರಲ್ಲಿ, ಬ್ಯಾಬಿಂಗ್ಟನ್ ಎಂಬ ತರುಣನು ಎಲಿಜಬೆತ್ ರಾಣಿಯನ್ನು ಕೊಲ್ಲುವ ಒಳಸಂಚನ್ನು ಹೂಡಿ ಅವಳೊಡನೆ ಗೂಢಲಿಪಿಯಲ್ಲಿ ಪತ್ರವ್ಯವಹಾರ ಮಾಡಿದನು. ಪತ್ರಗಳು ಮದ್ಯದ ಪೀಪಾಯಿಗಳ ಬಿರಡೆಯಲ್ಲಿ ಅಡಗಿ ಹೋಗಿಬರುತ್ತಿದ್ದುವು. ಎಲಿಜಬೆತ್ತಳ ಮಂತ್ರಿಯಾದ ವಾಲ್ಸಿಂಗಮ್ಮನು ಅವುಗಳನ್ನು ದಾರಿಯಲ್ಲಿ ತೆಗೆಯಿಸಿ, ಥಾಮಸ್ ಫೆಲಿಪ್ಸ್ ಎಂಬ ನಿಪುಣನಿಂದ ಭೇದಿಸಿ ಓದಿಸುತ್ತಿದ್ದನು. ಇಷ್ಟೇ ಅಲ್ಲ, ಫೆಲಿಪ್ಸನು ಅದೇ ಲಿಪಿಯಲ್ಲಿ ಮೇರಿಯ ಪತ್ರದ ಕೊನೆಗೆ ತಾನೇ ಒಂದು ಮಾತನ್ನು ಸೇರಿಸಿ, ಸಂಚಿನವರ ಹೆಸರುಗಳನ್ನು ತಿಳಿಸಬೇಕೆಂದು ಬರೆದನು. ೧೫೮೭ನೆಯ ಫೆಬ್ರವರಿ ೮ರಂದು ಮೇರಿಯ ಶಿರಶ್ಛೇದವಾಯಿತು. ಲಿಪಿಯನ್ನು ನಂಬದಿದ್ದರೆ ಅವಳು ಅಷ್ಟು ಬಿಚ್ಚುಮಾತನ್ನು ಬರೆಯುತ್ತಿರಲಿಲ್ಲವೇನೋ. ದುರ್ಬಲವಾದ ಬೀಗವು ಬೀಗವಿಲ್ಲದಿರುವುದಕ್ಕಿಂತಲೂ ಅಪಾಯಕರವು. ಬೀಗವಿಲ್ಲದವನು ಎಚ್ಚರದಿಂದಿರುವನು, ದುರ್ಬಲವಾದ ಬೀಗವುಳ್ಳವನು ನಿದ್ರಿಸುವನು.

ಅಕ್ಷರದ ರೂಢಿಯನ್ನು ಮರೆಸುವ ಉಪಾಯವನ್ನು ಇಟಲಿಯ ಬೆಲ್ಲಾಸೊ ಎಂಬವನು ೧೫೫೩ರಲ್ಲಿ ಪ್ರಕಟಿಸಿದನು; ಮುಂದೆ ಅದು ಫ್ರಾನ್ಸಿನ ವಿಜನೇರನ ಹೆಸರಿನಿಂದ ಪ್ರಸಿದ್ಧವಾಯಿತು. ಇದರಲ್ಲಿ ಕೀಲಿಕೈಯು ಒಂದಂಕೆಯಲ್ಲ, ಒಂದು ಪದ. ‘ಕಮಲ’ ಎಂಬುದು ಕೀಲಿಕೈಯಾಗಲಿ. ಕಕಾರಕ್ಕೆ ೧, ಮಕಾರಕ್ಕೆ ೨೫, ಲಕಾರಕ್ಕೆ ೨೮. ‘ಗುರುಮಠ’ದ ಮೊದಲನೆಯ ವ್ಯಂಜನಕ್ಕೆ ೧ನ್ನೂ, ಎರಡನೆಯದಕ್ಕೆ ೨೫ನ್ನೂ, ಮೂರನೆಯದಕ್ಕೆ ೨೮ನ್ನೂ, ನಾಲ್ಕನೆಯದಕ್ಕೆ ಪುನಃ ೧ನ್ನೂ ಕೂಡಿಸತಕ್ಕದ್ದು. ಗಕಾರ ೩ಕ್ಕೆ ೧ ಸೇರಿ ೪, ಅದು ಘಕಾರ. ರಕಾರ ೨೭ಕ್ಕೆ ೨೫ ಸೇರಿ ೫೨. ೩೪ ಕಳೆದರೆ ೧೮, ಅದು ದಕಾರ. ಮಕಾರ ೨೫ಕ್ಕೆ ೨೮ ಸೇರಿ ೫೩. ೩೪ ಕಳೆದರೆ ೧೯, ಅದು ಧಕಾರ. ಠಕಾರ ೧೨ಕ್ಕೆ ೧ ಸೇರಿ ೧೩, ಅದು ಡಕಾರ. ಹೀಗೆ ‘ಘುದುಧಡ’ ಎಂಬ ಗೂಢಲೇಖವು ಸಿದ್ಧವಾಗುವುದು. ಬಿಡಿಸುವವನು ಅವೇ ಅಂಕಗಳನ್ನು ಕಳೆಯುತ್ತ, ಸೊನ್ನೆಯೋ ಅದಕ್ಕಿಂತ ಕಡಿಮೆಯೋ ಆದಾಗ ೩೪ನ್ನು ಕೂಡಿಸುತ್ತ ಹೋದರೆ ‘ಗುರುಮಠ’ವೇ ದೊರೆಯುವುದು. ವಿದ್ಯಾರ್ಥಿಗಳು ಮನೆಯಲ್ಲಿ ಇದನ್ನು ಬರೆದು ನೋಡಲಿ.

ಇದರಲ್ಲಿ ಒಂದೇ ಅಕ್ಷರವು ಬೇರೆಬೇರೆ ನೆಲೆಯಲ್ಲಿ ಬೇರೆಬೇರೆ ವೇಷವನ್ನು ಧರಿಸುವುದರಿಂದ ಎಣಿಕೆಯ ಉಪಾಯವು ನೇರವಾಗಿ ಫಲಿಸದು. ಆದರೂ ದೋಷಗಳುಂಟು. ಮೊದಲನೆಯದಾಗಿ, ಸ್ವರಚಿಹ್ನೆಗಳನ್ನು ಮುಟ್ಟದೆ ಬಿಟ್ಟುದರಿಂದ ಮೊದಲೆರಡು ಅಕ್ಷರಗಳಲ್ಲಿ ಉಕಾರವಿದೆಯೆಂಬ ಸುಳಿವು ಹೊರಗೆ ಕಾಣುತ್ತಿದೆ. ಎರಡನೆಯದಾಗಿ, ಕೀಲಿಪದವು ಮೂರು ಮೂರು ಅಕ್ಷರಗಳಿಗೊಮ್ಮೆ ಮರುಕಳಿಸುವುದು. ದೀರ್ಘವಾದ ಲೇಖದಲ್ಲಿ ಒಂದೇ ಪದವು ಕೀಲಿಯ ಒಂದೇ ನೆಲೆಯ ಮೇಲೆ ಎರಡು ಸಲ ಬಿದ್ದರೆ ಗೂಢಲೇಖದಲ್ಲಿಯೂ ಅದೇ ಗುಂಪು ಎರಡು ಸಲ ಬರುವುದು. ಆ ಎರಡರ ನಡುವಣ ಅಂತರವನ್ನಳೆದರೆ ಕೀಲಿಯ ಉದ್ದವು ತಿಳಿಯುವುದು. ಉದ್ದವು ತಿಳಿದರೆ ಉಳಿದುದು ಹಳೆಯ ಎಣಿಕೆಯೇ. ಪ್ರಶಿಯಾದ ಸೇನಾಧಿಕಾರಿಯಾಗಿದ್ದ ಕಾಸಿಸ್ಕಿಯು ೧೮೬೩ರಲ್ಲಿ ಇದನ್ನು ಪ್ರಕಟಿಸಿದನು. ಅಭೇದ್ಯವೆಂದು ಹೆಸರು ಪಡೆದಿದ್ದ ಕ್ರಮವೂ ಹೀಗೆ ಭೇದ್ಯವಾಯಿತು.

ಇಪ್ಪತ್ತು ವರ್ಷಗಳ ಬಳಿಕ, ೧೮೮೩ರಲ್ಲಿ, ಪ್ಯಾರಿಸ್ಸಿನಲ್ಲಿ ಅಧ್ಯಾಪಕನಾಗಿದ್ದ ಆಗಸ್ಟ್ ಕೆರ್ಕಾಫ್ಸನು ಸೈನ್ಯದ ಗೂಢಲಿಪಿಯನ್ನು ಕುರಿತು ಲೇಖನವನ್ನು ಬರೆದು ಆರು ಸೂತ್ರಗಳನ್ನು ನಿರ್ದೇಶಿಸಿದನು. ಅವುಗಳಲ್ಲಿ ಎರಡನೆಯದರ ತಾತ್ಪರ್ಯವು ಈ ವಿದ್ಯೆಗೆ ಅಡಿಗಲ್ಲಾಗಿರುವುದು: ಕ್ರಮವು ಶತ್ರುವಿನ ಕೈಗೆ ಬಿದ್ದರೂ ಹಾನಿಯಾಗಕೂಡದು. ಏಕೆಂದರೆ ಕ್ರಮವನ್ನು ಬಹುಜನರು ಬಲ್ಲರು. ಯಂತ್ರವು ಕಳುವಾಗುವುದು, ಸೇವಕನು ಬಾಯಿಬಿಡುವನು. ಕ್ರಮವು ಬಯಲಾದರೆ ಹೊಸ ಕ್ರಮವನ್ನು ರಚಿಸಲು ವರ್ಷಗಳು ಬೇಕು. ಕೀಲಿಕೈಯು ಬಯಲಾದರೋ ಕ್ಷಣಮಾತ್ರದಲ್ಲಿ ಬದಲಿಸಬಹುದು. ಬೀಗದ ಅಂಗಡಿಯಲ್ಲಿ ಬೀಗವನ್ನು ಎಲ್ಲರೂ ಕೊಳ್ಳುವರು, ಬಿಚ್ಚಿ ನೋಡುವರು. ಆದರೂ ಪ್ರತಿಯೊಬ್ಬನ ಮನೆಯು ಭದ್ರವಾಗಿರುವುದು ಅವನವನ ಕೀಲಿಕೈಯಿಂದಲ್ಲವೇ?

ಕ್ರಮವು ಬಯಲಾಗಿದ್ದ ಮಾತ್ರಕ್ಕೆ ಅದು ಭದ್ರವೆಂದೂ ತಿಳಿಯಬಾರದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಎನಿಗ್ಮಾ ಎಂಬ ಯಂತ್ರವನ್ನು ಬಳಸಿದರು. ಅದರ ಕೀಲಿಕೈಗಳು ಅಸಂಖ್ಯಾತ. ಆದರೆ ಆ ಯಂತ್ರದ ರಚನೆಯಿಂದಾಗಿ ಯಾವ ಅಕ್ಷರವೂ ತಾನಾಗಿಯೇ ಉಳಿಯುತ್ತಿರಲಿಲ್ಲ. ರಚಿಸಿದವರಿಗೆ ಗುಣವಾಗಿ ಕಂಡಿರಬಹುದಾದ ಈ ಲಕ್ಷಣವೇ ಭೇದಿಸುವವರಿಗೆ ಹಿಡಿಕೆಯಾಯಿತು. ಪೋಲೆಂಡಿನ ಗಣಿತಜ್ಞನಾದ ಮರಿಯನ್ ರೆಯೆವ್ಸ್ಕಿಯು ೧೯೩೨ರಲ್ಲಿಯೇ ಯಂತ್ರದ ಒಳರಚನೆಯನ್ನು ಲೆಕ್ಕದಿಂದ ಕಂಡುಹಿಡಿದನು. ೧೯೩೯ರ ಜುಲೈಯಲ್ಲಿ ಪೋಲರು ಆ ಜ್ಞಾನವನ್ನು ಬ್ರಿಟಿಷರಿಗೂ ಫ್ರೆಂಚರಿಗೂ ಕೊಟ್ಟರು. ಬ್ಲೆಚ್ಲಿ ಪಾರ್ಕಿನಲ್ಲಿ ಅಲನ್ ಟ್ಯೂರಿಂಗ್ ಮೊದಲಾದವರು ಅದನ್ನು ಮುಂದುವರಿಸಿದರು. ಯಂತ್ರವನ್ನು ನಡೆಯಿಸುವವರು ದಿನದಿನವೂ ಒಂದೇ ಬಗೆಯ ಹವೆಯ ವರದಿಯನ್ನು ಬರೆದುದೂ ಅವರಿಗೆ ನೆರವಾಯಿತು.

ಸಂಪೂರ್ಣವಾಗಿ ಅಭೇದ್ಯವಾದ ಕ್ರಮವು ಇಲ್ಲವೇ ಎಂದರೆ, ಒಂದುಂಟು. ಕೀಲಿಕೈಯು ಮೂಲಲೇಖದಷ್ಟೇ ಉದ್ದವಾಗಿರಬೇಕು. ಕವಡೆಯನ್ನು ಎಸೆದಂತೆ ಯಾವ ನಿಯಮಕ್ಕೂ ಸಿಕ್ಕದಿರಬೇಕು. ಒಂದು ಸಲ ಬಳಸಿದ್ದನ್ನು ಮತ್ತೆ ಬಳಸಕೂಡದು. ಅಮೆರಿಕದ ಗಿಲ್ಬರ್ಟ್ ವರ್ನಮ್ಮನು ೧೯೧೭ರಲ್ಲಿ ಇದಕ್ಕೆ ದಾರಿಮಾಡಿದನು. ಇದು ಅಭೇದ್ಯವೆಂಬುದಕ್ಕೆ ಕ್ಲಾಡ್ ಶಾನನ್ನನು ೧೯೪೯ರಲ್ಲಿ ಗಣಿತದ ಸಾಧನೆಯನ್ನು ಪ್ರಕಟಿಸಿದನು. ಆದರೆ ಸೋವಿಯತ್ ರಷ್ಯದವರು ಯುದ್ಧಕಾಲದ ಅವಸರದಲ್ಲಿ ಕೆಲವು ಕೀಲಿಪುಟಗಳನ್ನು ಎರಡೆರಡು ಸಲ ಅಚ್ಚುಹಾಕಿಸಿದರು. ಆ ಒಂದು ಅಲಕ್ಷ್ಯದಿಂದ ಅವರ ಪತ್ರಗಳಲ್ಲಿ ಕೆಲವನ್ನು ಅಮೆರಿಕನ್ನರು ಓದಿದರು. ಗಣಿತವು ಸೋಲಲಿಲ್ಲ, ನಿಯಮವನ್ನು ಪಾಲಿಸುವವರು ಸೋತರು.

ಇನ್ನು ಗಣಕಯಂತ್ರದ ಕಾಲಕ್ಕೆ ಬರೋಣ. ಯಂತ್ರಕ್ಕೆ ಅಕ್ಷರವೆಂಬುದಿಲ್ಲ, ಎಲ್ಲವೂ ಅಂಕವೇ. ಸರ್ವಭಾಷೆಗಳ ಲಿಪಿಗಳಿಗೂ ಅಂಕಗಳನ್ನು ಗೊತ್ತುಪಡಿಸಿರುವ ಯೂನಿಕೋಡಿನಲ್ಲಿ ಕನ್ನಡದ ಕಕಾರಕ್ಕೆ ೩೨೨೧ ಎಂಬ ಅಂಕವಿರುವುದು. ಆ ಅಂಕಗಳು ಸೊನ್ನೆ ಒಂದುಗಳ ಸಾಲಾಗಿ ಯಂತ್ರದಲ್ಲಿ ನೆಲಸುವುವು. ಇಲ್ಲಿ ಕೂಡುವುದಕ್ಕೆ ಬದಲಾಗಿ ಒಂದು ಸರಳ ನಿಯಮವುಂಟು: ಲೇಖದ ಅಂಕವೂ ಕೀಲಿಯ ಅಂಕವೂ ಒಂದೇ ಆದರೆ ಸೊನ್ನೆ, ಬೇರೆಯಾದರೆ ಒಂದು. ಲೇಖವು ೧೦೧೧, ಕೀಲಿಯು ೦೧೧೦ ಆದರೆ ಗೂಢಲೇಖವು ೧೧೦೧. ಅದಕ್ಕೆ ಮತ್ತೆ ೦೧೧೦ನ್ನು ಸೇರಿಸಿದರೆ ೧೦೧೧ ಮರಳುವುದು. ಮೂಲದೇವೀಯದಂತೆ ಇಲ್ಲಿಯೂ ಮುಚ್ಚುವ ಕೈಯೇ ತೆರೆಯುವ ಕೈಯಾಗಿರುವುದು.

೧೯೭೭ರಲ್ಲಿ ಅಮೆರಿಕದ ಸರಕಾರವು ಡಿಇಎಸ್ ಎಂಬ ಕ್ರಮವನ್ನು ಅಂಗೀಕರಿಸಿತು. ಅದರ ಕೀಲಿಕೈಯು ೫೬ ಅಂಕಗಳ ಉದ್ದ. ಸಾಧ್ಯವಾದ ಕೀಲಿಕೈಗಳು ಸುಮಾರು ೭೨೦ ಕೋಟಿಕೋಟಿ. ೧೯೯೮ರಲ್ಲಿ ಇದಕ್ಕಾಗಿಯೇ ಕಟ್ಟಿದ ಯಂತ್ರವೊಂದು ೫೬ ಗಂಟೆಗಳಲ್ಲಿ ಕೀಲಿಕೈಯನ್ನು ಹುಡುಕಿ ತೆಗೆಯಿತು. ಹೊಸ ಕ್ರಮವು ಬೇಕೆಂದು ೧೯೯೭ರಲ್ಲಿಯೇ ಬಹಿರಂಗವಾಗಿ ಸಾರಲಾಗಿತ್ತು. ನಾನಾ ದೇಶಗಳ ವಿದ್ವಾಂಸರಿಂದ ಬಂದ ೧೫ ಕ್ರಮಗಳನ್ನು ಪ್ರಕಟಿಸಿ, ಶಕ್ತಿಯಿದ್ದವರು ಭೇದಿಸಲೆಂದು ಲೋಕವನ್ನೇ ಆಹ್ವಾನಿಸಿದರು. ವಾಕ್ಯಾರ್ಥಸಭೆಯಲ್ಲಿ ಪ್ರತಿವಾದಿಗಳ ಆಕ್ಷೇಪಗಳನ್ನೆಲ್ಲ ಗೆದ್ದು ನಿಂತ ಪಕ್ಷವೇ ಸಿದ್ಧಾಂತವಾಗುವಂತೆ, ಬೆಲ್ಜಿಯಂ ದೇಶದ ಡಾಮೆನ್, ರೈಮೆನ್ ಎಂಬಿಬ್ಬರು ರಚಿಸಿದ ಕ್ರಮವು ೨೦೦೦ದಲ್ಲಿ ಆಯ್ಕೆಯಾಗಿ, ೨೦೦೧ರಲ್ಲಿ ಎಇಎಸ್ ಎಂಬ ಹೆಸರಿನಿಂದ ಪ್ರಕಟವಾಯಿತು. ಅದರಲ್ಲಿ ಲೇಖದ ೧೬ ಅಂಶಗಳನ್ನು ನಾಲ್ಕು ಸಾಲು ನಾಲ್ಕು ಕಂಬಗಳ ಚೌಕದಲ್ಲಿಟ್ಟು, ಮೊದಲು ಆದೇಶ, ಬಳಿಕ ಸಾಲುಗಳ ಸ್ಥಾನಪಲ್ಲಟ, ಬಳಿಕ ಕಂಬಗಳ ಮಿಶ್ರಣ, ಕೊನೆಗೆ ಕೀಲಿಯ ಸೇರಿಕೆ. ಹೀಗೆ ೧೨೮ ಅಂಕಗಳ ಕೀಲಿಕೈಗೆ ಹತ್ತು ಆವೃತ್ತಿಗಳು ನಡೆಯುವುವು. ಕೊನೆಯ ಆವೃತ್ತಿಯಲ್ಲಿ ಮಾತ್ರ ಮಿಶ್ರಣವಿಲ್ಲ. ಹಳೆಯ ಬೇರುಗಳೆರಡೂ ಇಲ್ಲಿ ಒಂದೇ ಮರವಾಗಿ ಬೆಳೆದಿರುವುವು.

ಇಲ್ಲಿ ಒಂದು ಚಮತ್ಕಾರವನ್ನು ಗಮನಿಸತಕ್ಕದ್ದು. ೧೨೮ ಅಂಕಗಳ ಕೀಲಿಕೈಗೆ ಇರುವ ಸಾಧ್ಯತೆಗಳ ಸಂಖ್ಯೆಯೂ ೩೯ ಸ್ಥಾನಗಳದೇ. ಮೂವತ್ತನಾಲ್ಕು ವ್ಯಂಜನಗಳನ್ನು ಅದಲುಬದಲು ಮಾಡಿದಾಗ ಬಂದ ಸಂಖ್ಯೆಯೂ ೩೯ ಸ್ಥಾನಗಳದಾಗಿತ್ತು. ಎರಡೂ ಬೀಗಗಳಿಗೆ ಕೀಲಿಕೈಗಳು ಬಹುಮಟ್ಟಿಗೆ ಅಷ್ಟಷ್ಟೇ. ಆದರೆ ಒಂದನ್ನು ಕಾಗದ ಲೇಖನಿಗಳಿಂದ ತಾಳ್ಮೆಯುಳ್ಳವನು ಭೇದಿಸುವನು. ಇನ್ನೊಂದನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಜಗತ್ತಿನ ಪಂಡಿತರು ಪ್ರಯತ್ನಿಸಿಯೂ ಕಾರ್ಯತಃ ಭೇದಿಸಲಾಗಲಿಲ್ಲ. ಕೀಲಿಕೈಗಳ ಸಂಖ್ಯೆಯು ದೊಡ್ಡದಾಗಿರುವುದು ಅವಶ್ಯಕವು, ಸಾಕಾದುದಲ್ಲ. ಗೂಢಲೇಖದಲ್ಲಿ ಮೂಲದ ರೂಢಿಯ ಲೇಶವೂ ಉಳಿಯಬಾರದು. ಆ ಲೇಶವು ಉಳಿಯಿತೇ ಇಲ್ಲವೇ ಎಂಬುದು ಪರರ ಪರೀಕ್ಷೆಯಿಂದಲ್ಲದೆ ರಚಿಸಿದವನಿಗೆ ತಿಳಿಯದು.

ಇಷ್ಟಾದರೂ ಒಂದು ತೊಡಕು ಉಳಿಯಿತು. ದೂರದೇಶದಲ್ಲಿರುವ ಅಪರಿಚಿತನಿಗೆ ಕೀಲಿಕೈಯನ್ನು ಮುಟ್ಟಿಸುವುದೆಂತು? ದಾರಿಯಲ್ಲಿ ಕಳ್ಳನು ಕೀಲಿಕೈಯನ್ನೇ ಕದ್ದರೆ? ಮಠದ ಕಾಣಿಕೆಯ ಹುಂಡಿಯನ್ನು ನೆನೆಯಿರಿ. ಯಾವ ಭಕ್ತನಾದರೂ ಅದರ ಬಾಯಿಯಲ್ಲಿ ನಾಣ್ಯವನ್ನು ಹಾಕಬಲ್ಲನು. ಹಾಕಿದವನೂ ಅದನ್ನು ಹೊರತೆಗೆಯಲಾರನು. ಕೀಲಿಕೈಯುಳ್ಳ ಅಧಿಕಾರಿಯೊಬ್ಬನೇ ತೆರೆಯುವನು. ಅದರಂತೆ ಮುಚ್ಚುವ ಕೀಲಿಯನ್ನು ಎಲ್ಲರಿಗೂ ಸಾರಿ, ತೆರೆಯುವ ಕೀಲಿಯನ್ನು ತನ್ನಲ್ಲಿಯೇ ಇಟ್ಟುಕೊಳ್ಳಬಹುದೆಂಬ ವಿಚಾರವನ್ನು ಡಿಫಿ, ಹೆಲ್ಮನ್ ಎಂಬಿಬ್ಬರು ೧೯೭೬ರಲ್ಲಿ ಪ್ರಕಟಿಸಿದರು. ೧೯೭೭ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ಅದಕ್ಕೆ ಕ್ರಮವನ್ನು ಕಂಡುಹಿಡಿದರು. ಬ್ರಿಟನ್ನಿನ ಕ್ಲಿಫರ್ಡ್ ಕಾಕ್ಸನು ೧೯೭೩ರಲ್ಲಿಯೇ ಇಂತಹುದನ್ನು ಕಂಡಿದ್ದರೂ ಸರಕಾರವು ಅದನ್ನು ೧೯೯೭ರವರೆಗೆ ಬಚ್ಚಿಟ್ಟಿತು. ಬಚ್ಚಿಟ್ಟ ವಿದ್ಯೆಯಿಂದ ಲೋಕಕ್ಕೆ ಉಪಕಾರವಾಗಲಿಲ್ಲ.

ಆ ಕ್ರಮದ ಸಣ್ಣ ಮಾದರಿಯು ಹೀಗಿರುವುದು. ೩, ೧೧ ಎಂಬೆರಡು ಅವಿಭಾಜ್ಯ ಸಂಖ್ಯೆಗಳನ್ನು ಆರಿಸಿ ಗುಣಿಸಿದರೆ ೩೩. ಒಂದೊಂದರಲ್ಲಿಯೂ ಒಂದನ್ನು ಕಳೆದು ಗುಣಿಸಿದರೆ ೨೦. ಗುಣಿಸಿ ೨೦ರಿಂದ ಭಾಗಿಸಿದಾಗ ೧ ಉಳಿಯುವಂತೆ ಎರಡು ಅಂಕಗಳನ್ನು ಆರಿಸತಕ್ಕದ್ದು. ೩, ೭ ಆಗಬಹುದು, ಏಕೆಂದರೆ ಗುಣಲಬ್ಧವು ೨೧. ೩೩, ೩ ಇವುಗಳನ್ನು ಲೋಕಕ್ಕೆ ಸಾರಿ, ೭ನ್ನು ಗುಪ್ತವಾಗಿಡಬೇಕು. ಕಳುಹಿಸುವವನು ೪ ಎಂಬ ಅಂಕವನ್ನು ಮೂರು ಸಲ ಗುಣಿಸಿ ೬೪ ಮಾಡಿ, ೩೩ರಿಂದ ಭಾಗಿಸಿ ಉಳಿದ ೩೧ನ್ನು ಕಳುಹಿಸುವನು. ಪಡೆದವನು ೩೧ನ್ನು ಏಳು ಸಲ ಗುಣಿಸಿದರೆ ೨೭೫೧೨೬೧೪೧೧೧ ಬರುವುದು. ೩೩ರಿಂದ ಭಾಗಿಸಿದರೆ ಉಳಿಯುವುದು ೪. ಇಲ್ಲಿ ೩೩ನ್ನು ೩, ೧೧ ಎಂದು ಒಡೆಯುವುದು ಮಕ್ಕಳಾಟವು. ಆದರೆ ಬಳಕೆಯಲ್ಲಿರುವ ಸಂಖ್ಯೆಗಳಿಗೆ ಆರುನೂರಕ್ಕೂ ಹೆಚ್ಚು ಸ್ಥಾನಗಳು. ಗುಣಿಸುವುದು ಕ್ಷಣದ ಕೆಲಸ, ಒಡೆಯುವುದು ಇಂದಿನ ಯಂತ್ರಗಳಿಗೆ ಅಸಾಧ್ಯಪ್ರಾಯ. ಅವಿಭಾಜ್ಯಗಳ ಪರೀಕ್ಷೆಯ ವಿಷಯದಲ್ಲಿ ಕಾನಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಇವರು ೨೦೦೨ರಲ್ಲಿ ಮಾಡಿದ ಶೋಧವು ಭಾರತಕ್ಕೆ ಕೀರ್ತಿಯನ್ನು ತಂದಿತು.

ಇದೇ ಕ್ರಮವನ್ನು ತಿರುವುಮುರುವು ಮಾಡಿದರೆ ಹಸ್ತಾಕ್ಷರವಾಗುವುದು. ಶರಣರು ತಮ್ಮ ವಚನಗಳಿಗೆ ಅಂಕಿತವನ್ನಿಟ್ಟರು. ಆದರೆ ಅಂಕಿತವನ್ನು ಮತ್ತೊಬ್ಬನೂ ಬರೆಯಬಲ್ಲನಾದುದರಿಂದ ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸಲು ಸಂಪಾದಕರು ಬಹಳ ಶ್ರಮಪಟ್ಟಿರುವರು. ಗುಪ್ತವಾದ ಕೀಲಿಯಿಂದ ಹಾಕಿದ ಅಂಕಹಸ್ತಾಕ್ಷರವು ಲೇಖದ ಒಂದೊಂದು ಅಕ್ಷರವನ್ನೂ ಅವಲಂಬಿಸಿರುವುದು. ಒಂದು ದೀರ್ಘವು ಹ್ರಸ್ವವಾದರೂ ಅದು ಹೊಂದದು. ಸಾರ್ವಜನಿಕ ಕೀಲಿಯಿಂದ ಯಾರಾದರೂ ಪರೀಕ್ಷಿಸಬಹುದು, ಯಾರೂ ಅನುಕರಿಸಲಾಗದು. ಮೇರಿಯ ಪತ್ರಕ್ಕೆ ಇಂತಹುದಿದ್ದಿದ್ದರೆ ಫೆಲಿಪ್ಸನ ಕೂಟಲೇಖವು ನಡೆಯುತ್ತಿರಲಿಲ್ಲ. ಭಾರತದಲ್ಲಿ ೨೦೦೦ದ ಕಾಯಿದೆಯು ಇದಕ್ಕೆ ಶಾಸನದ ಮಾನ್ಯತೆಯನ್ನು ಕೊಟ್ಟಿರುವುದು.

ಆದರೆ ಭಕ್ತಮಹಾಶಯರು ಒಂದು ಮಾತನ್ನು ಮನಸ್ಸಿನಲ್ಲಿಡತಕ್ಕದ್ದು. ಇಂದಿನ ಕಳ್ಳನು ಬೀಗವನ್ನು ಒಡೆಯಲು ಹೋಗುವುದಿಲ್ಲ. ಒಡೆಯಲಾರನೆಂದು ಅವನು ಬಲ್ಲನು. ಅವನು ದೂರವಾಣಿಯಲ್ಲಿ ಬ್ಯಾಂಕಿನ ಅಧಿಕಾರಿಯಂತೆ ನಯವಾಗಿ ಮಾತನಾಡಿ ಕೀಲಿಕೈಯನ್ನೇ ಕೇಳುವನು. ಪಿನ್ ಎಂಬುದೂ ಓಟಿಪಿ ಎಂಬುದೂ ಕೀಲಿಕೈಗಳೇ. ಯಾರು ಕೇಳಿದರೂ, ಎಷ್ಟು ಅವಸರಪಡಿಸಿದರೂ ಅವುಗಳನ್ನು ಹೇಳಕೂಡದು. ವಿದ್ವಾಂಸರು ಶತಮಾನಗಳಲ್ಲಿ ಕಟ್ಟಿದ ಕೋಟೆಯನ್ನು ಒಂದು ಫೋನಿನ ಮಾತಿಗೆ ಒಪ್ಪಿಸಿಬಿಡುವುದು ಶೋಚನೀಯವಲ್ಲವೇ?

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಸ್ವಂತವಾಗಿ ಸರಳಕ್ರಮಗಳನ್ನು ರಚಿಸಿರಿ. ಬುದ್ಧಿಗೆ ಅದರಂಥ ವ್ಯಾಯಾಮವಿಲ್ಲ. ರಚಿಸಿದ್ದನ್ನು ಸಹಪಾಠಿಯ ಕೈಗೆ ನಿಯಮಸಹಿತವಾಗಿ ಕೊಟ್ಟು, ಕೀಲಿಕೈಯನ್ನು ಮಾತ್ರ ಉಳಿಸಿಕೊಂಡು, ಭೇದಿಸೆಂದು ಹೇಳಿರಿ. ಅವನು ಭೇದಿಸಿದರೆ ಅವನಿಗೆ ವಂದಿಸಿರಿ. ದೋಷವನ್ನು ತೋರಿಸಿದವನು ಗುರುವಿಗೆ ಸಮಾನನು. ಆದರೆ ಅನ್ಯರ ಧನವನ್ನೋ ಮಾನವನ್ನೋ ಕಾಯುವ ಹೊಣೆಯು ಬಂದಾಗ ಸ್ವಂತ ರಚನೆಯನ್ನು ನಂಬದೆ, ಬಹುಜನರ ಪರೀಕ್ಷೆಯಲ್ಲಿ ಉಳಿದ ಕ್ರಮವನ್ನೇ ಬಳಸಿರಿ. ತಾನು ಭೇದಿಸಲಾರದ ಬೀಗವನ್ನು ಯಾವನಾದರೂ ಮಾಡಬಲ್ಲನು. ಪರರು ಭೇದಿಸಲಾರದ ಬೀಗವನ್ನು ಮಾಡುವವನು ವಿರಳನು. ಪರೀಕ್ಷೆಯೂ ಒಮ್ಮೆಗೆ ಮುಗಿಯುವುದಲ್ಲ. ಕ್ವಾಂಟಂ ಯಂತ್ರವು ಸಾಕಷ್ಟು ಬೆಳೆದರೆ ದೊಡ್ಡ ಸಂಖ್ಯೆಗಳನ್ನು ಒಡೆಯುವುದು ಸುಲಭವಾಗುವುದೆಂದು ಪೀಟರ್ ಶೋರನು ೧೯೯೪ರಲ್ಲಿಯೇ ತೋರಿಸಿದನು. ಅದಕ್ಕೆ ಜಗ್ಗದಂತಹ ಹೊಸ ಕ್ರಮಗಳನ್ನು ಬಹಿರಂಗ ಪರೀಕ್ಷೆಯಿಂದಲೇ ಆರಿಸಿ ಅಮೆರಿಕದ ಮಾನಕಸಂಸ್ಥೆಯು ೨೦೨೪ರ ಆಗಸ್ಟಿನಲ್ಲಿ ಪ್ರಕಟಿಸಿರುವುದು.

ಬಚ್ಚಿಟ್ಟುದು ಬಲವಾದುದೆಂದು ತಿಳಿಯುವುದು ಮನುಷ್ಯನ ಸಹಜಭ್ರಮೆ. ಈ ವಿದ್ಯೆಯ ಇತಿಹಾಸವು ಆ ಭ್ರಮೆಯನ್ನು ಮತ್ತೆ ಮತ್ತೆ ಹರಿದಿರುವುದು. ಗೋಪ್ಯವನ್ನು ಕಾಯುವ ವಿದ್ಯೆಯೇ ಬಯಲಿನಲ್ಲಿ ನಿಂತು, ಆಕ್ಷೇಪಗಳನ್ನು ಸಹಿಸಿ, ಬಲವನ್ನು ಪಡೆಯಿತು. ಬಯಲಿನಲ್ಲಿಡತಕ್ಕುದಾವುದು, ಗುಪ್ತವಾಗಿಡತಕ್ಕುದಾವುದು ಎಂಬ ವಿವೇಕವೇ ಇದರ ಸಾರವು. ಆ ವಿವೇಕವು ಸಕಲರಿಗೂ ಉಂಟಾಗಲಿ.